ಮಾಟುಂಗಾ: ಪ್ಲೇಗ್ ಕಾಲದಲ್ಲಿ ಹುಟ್ಟಿದ ಬಡಾವಣೆ ಮುಂಬೈ ಕನ್ನಡಿಗರ ನೆಲೆಯಾದದ್ದು ಹೇಗೆ?

ಮುಂಬೈನ ಸೆಂಟ್ರಲ್ ರೈಲ್ವೆಯ ಮಾಟುಂಗಾ ನಿಲ್ದಾಣದಲ್ಲಿ ಇಳಿದು ಪೂರ್ವದ ಕಡೆಗೆ ಹೊರಬಂದರೆ ಕ್ಷಣಕಾಲ ಮಹಾರಾಷ್ಟ್ರದಲ್ಲಿದ್ದೇವೆ ಎಂಬುದೇ ಮರೆತುಹೋಗುತ್ತದೆ. ಮಲ್ಲಿಗೆ, ಕನಕಾಂಬರದ ಮಾಲೆ, ಬಾಳೆ ಎಲೆ, ವೀಳ್ಯದೆಲೆ, ತೆಂಗಿನಕಾಯಿ, ಆಗಷ್ಟೇ ಹುರಿದು ಪುಡಿ ಮಾಡಿದ ಕಾಫಿಯ ಘಮ. ನಾಲ್ಕು ಹೆಜ್ಜೆ ಇಟ್ಟರೆ ಒಂದು ಉಡುಪಿ ಹೋಟೆಲು, ಇನ್ನೂ ನಾಲ್ಕು ಹೆಜ್ಜೆಗೆ ಮತ್ತೊಂದು. ಅಂಗಡಿಯವರು ಒಬ್ಬ ಗಿರಾಕಿಯೊಡನೆ ಮರಾಠಿ, ಮತ್ತೊಬ್ಬರೊಡನೆ ಗುಜರಾತಿ, ಮೂರನೆಯವರೊಡನೆ ತಮಿಳು, ನಾಲ್ಕನೆಯವರೊಡನೆ ಕನ್ನಡವನ್ನೋ ತುಳುವನ್ನೋ ಮಾತಾಡುತ್ತಾರೆ.

ಮುಂಬೈ ಕನ್ನಡಿಗರು ಇಂದು ಡೊಂಬಿವಲಿಯಿಂದ ವಸಾಯಿವರೆಗೆ, ಥಾಣೆಯಿಂದ ನವಿ ಮುಂಬೈವರೆಗೆ ಹರಡಿಕೊಂಡಿದ್ದಾರೆ. ಆದರೂ ನಾಟಕ, ಉಪನ್ಯಾಸ, ಪುಸ್ತಕ ಬಿಡುಗಡೆ, ಗಣಪತಿ ಹಬ್ಬ, ಬಾಳೆ ಎಲೆಯ ಊಟ ಎಂದರೆ ಅವರ ಕಾಲು ಮಾಟುಂಗಾದತ್ತ ಹೊರಳುತ್ತದೆ. ಅಚ್ಚರಿಯ ಸಂಗತಿಯೆಂದರೆ, ಈ ಬಡಾವಣೆಯನ್ನು ಯಾರೂ ದಕ್ಷಿಣ ಭಾರತೀಯರಿಗಾಗಿ ಕಟ್ಟಲಿಲ್ಲ. ಇದು ಹುಟ್ಟಿದ್ದು ಒಂದು ಮಹಾಮಾರಿಯ ಭೀತಿಯಿಂದ.

ಆನೆಲಾಯದಿಂದ ಫಿರಂಗಿ ದಳದವರೆಗೆ

ಮಾಟುಂಗಾ ಎಂಬ ಹೆಸರು 'ಮಾತಂಗ', ಅಂದರೆ ಆನೆ ಎಂಬ ಪದದಿಂದ ಬಂತು ಎಂಬ ಪ್ರತೀತಿ ಇದೆ. ಮಾಹಿಮ್ ಅನ್ನು ರಾಜಧಾನಿ ಮಾಡಿಕೊಂಡಿದ್ದ ಭೀಮದೇವ ಎಂಬ ಅರಸನ ಆನೆಗಳನ್ನು ಇಲ್ಲಿ ಕಟ್ಟುತ್ತಿದ್ದರಂತೆ. 19ನೇ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫಿರಂಗಿ ದಳ ಇಲ್ಲಿ ಬೀಡುಬಿಟ್ಟಿತ್ತು. ಸೈನ್ಯ ಹೋದ ಮೇಲೆ ಉಳಿದದ್ದು ಗದ್ದೆ, ತಾಳೆಮರ, ಜೌಗು ನೆಲ ಮತ್ತು ಅಲ್ಲೊಂದು ಇಲ್ಲೊಂದು ಹಳ್ಳಿ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿತು. ಅದು ಹಾದುಹೋದದ್ದು ಇದೇ ಬಯಲಿನ ಪಕ್ಕದಲ್ಲಿ. ಆದರೆ ರೈಲು ಬಂದ ಮಾತ್ರಕ್ಕೆ ಊರು ಬೆಳೆಯಲಿಲ್ಲ. ಮುಂದಿನ ನಾಲ್ಕು ದಶಕಗಳ ಕಾಲ ಬೊಂಬಾಯಿ ಎಂದರೆ ದಕ್ಷಿಣದ ತುದಿಯ ಕೋಟೆ, ಬಂದರು, ಗಿರಣಿಗಳು ಮತ್ತು ಅವುಗಳ ಸುತ್ತ ಒತ್ತಾಗಿ ಎದ್ದ ಚಾಳ್‌ಗಳು ಅಷ್ಟೇ ಆಗಿತ್ತು.

1896: ಪ್ಲೇಗ್ ಬಂತು

1891ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ 8 ಲಕ್ಷ ದಾಟಿತ್ತು. ಬಹುಪಾಲು ಜನರಿದ್ದದ್ದು ಗಾಳಿ ಬೆಳಕು ಕಾಣದ ಒಂದೇ ಕೋಣೆಯ ಮನೆಗಳಲ್ಲಿ. 1896ರ ಸೆಪ್ಟೆಂಬರ್‌ನಲ್ಲಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಡಾ. ಅಕಾಸಿಯೊ ಗೇಬ್ರಿಯಲ್ ವಿಯೆಗಸ್ ಎಂಬ ವೈದ್ಯರು ಗೆಡ್ಡೆ ಪ್ಲೇಗ್ ಅನ್ನು ಗುರುತಿಸಿದರು. ಮುಂದಿನ ತಿಂಗಳುಗಳಲ್ಲಿ ಸಾವಿರಾರು ಜನ ಸತ್ತರು, ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಗಿರಣಿಗಳು ಕೆಲಸಗಾರರಿಲ್ಲದೆ ಸೊರಗಿದವು.

ಜನದಟ್ಟಣೆಯೇ ರೋಗದ ಮೂಲ ಎಂದು ಬ್ರಿಟಿಷ್ ಸರ್ಕಾರ ತೀರ್ಮಾನಿಸಿತು. 1898ರಲ್ಲಿ 'ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್' ಸ್ಥಾಪನೆಯಾಯಿತು. ಅದಕ್ಕೆ ಎರಡು ಕೆಲಸ: ದಕ್ಷಿಣದ ಇಕ್ಕಟ್ಟು ಕೇರಿಗಳನ್ನು ಒಡೆದು ಸಮುದ್ರದ ಗಾಳಿ ಒಳಬರುವಂತೆ ಅಗಲ ರಸ್ತೆ ಮಾಡುವುದು, ಉತ್ತರದ ಖಾಲಿ ಜಾಗದಲ್ಲಿ ಹೊಸ ಬಡಾವಣೆ ಕಟ್ಟುವುದು. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಮೊದಲ ಕೆಲಸದ ಫಲ. ದಾದರ್-ಮಾಟುಂಗಾ-ವಡಾಲಾ-ಸಾಯನ್ ಯೋಜನೆ ಎರಡನೆಯದರ ಫಲ.

1899-1900ರಲ್ಲಿ ನಕ್ಷೆ ಸಿದ್ಧವಾದರೂ ಭೂಮಿ ವಶಪಡಿಸಿಕೊಳ್ಳುವುದು, ತಗ್ಗು ನೆಲಕ್ಕೆ ಮಣ್ಣು ತುಂಬುವುದು, ರಸ್ತೆ ಮತ್ತು ಚರಂಡಿ ಹಾಕುವುದು ವರ್ಷಗಟ್ಟಲೆ ನಡೆಯಿತು. ಮನೆಗಳು ಸಾಲುಸಾಲಾಗಿ ಎದ್ದದ್ದು 1920 ಮತ್ತು 30ರ ದಶಕಗಳಲ್ಲಿ. ಟ್ರಸ್ಟ್ ನಿವೇಶನಗಳನ್ನು ದೀರ್ಘಾವಧಿ ಗುತ್ತಿಗೆಗೆ ಕೊಟ್ಟಿತು. ಜೊತೆಗೆ ಕಟ್ಟಡದ ಎತ್ತರ, ಎರಡು ಕಟ್ಟಡಗಳ ನಡುವಿನ ಅಂತರ, ಬಿಡಬೇಕಾದ ಖಾಲಿ ಜಾಗ ಎಲ್ಲಕ್ಕೂ ನಿಯಮ ಹಾಕಿತು. ಮೂರ್ನಾಲ್ಕು ಅಂತಸ್ತು ಮೀರದ ಮನೆಗಳು, ಮರಗಳ ನೆರಳಿನ ಅಗಲ ರಸ್ತೆಗಳು, ಅಲ್ಲಲ್ಲಿ ಉದ್ಯಾನ ಇವೆಲ್ಲ ಬಂದದ್ದು ಹೀಗೆ. 1933ರಲ್ಲಿ ಟ್ರಸ್ಟ್ ಮುಂಬೈ ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು.

ಬಡಾವಣೆಯ ನಡುಮಧ್ಯದ ವೃತ್ತಾಕಾರದ ಉದ್ಯಾನವೇ ಕಿಂಗ್ಸ್ ಸರ್ಕಲ್. ಇಂದು ಅದರ ಅಧಿಕೃತ ಹೆಸರು ಮಹೇಶ್ವರಿ ಉದ್ಯಾನ. ಆದರೆ ಬಸ್ ಕಂಡಕ್ಟರ್‌ನಿಂದ ಹೂವಿನವರವರೆಗೆ ಎಲ್ಲರ ಬಾಯಲ್ಲೂ ಅದು ಇನ್ನೂ 'ಸರ್ಕಲ್ಲು'.

ಒಂದು ಯೋಜನೆ, ಹಲವು ಕಾಲನಿ

ಈ ಯೋಜನೆಯಲ್ಲಿ ಒಂದೊಂದು ಸಮುದಾಯ ಒಂದೊಂದು ಮೂಲೆ ಹಿಡಿಯಿತು. ಟ್ರಸ್ಟ್‌ನಲ್ಲೇ ಎಂಜಿನಿಯರ್ ಆಗಿದ್ದ ಮಂಚೇರ್ಜಿ ಎದುಲ್ಜಿ ಜೋಶಿ ಅವರು ಮಧ್ಯಮ ವರ್ಗದ ಪಾರ್ಸಿಗಳಿಗೆ ನಿವೇಶನ ಮೀಸಲಿಡುವಂತೆ ಅಧಿಕಾರಿಗಳನ್ನು ಒಪ್ಪಿಸಿದರು. ಅದೇ ದಾದರ್ ಪಾರ್ಸಿ ಕಾಲನಿ. ಮಾಟುಂಗಾಕ್ಕೆ ಅಂಟಿಕೊಂಡಿರುವ 'ಫೈವ್ ಗಾರ್ಡನ್ಸ್'ಗೆ ಅವರದೇ ಹೆಸರಿದೆ. ಪಕ್ಕದ ಹಿಂದೂ ಕಾಲನಿಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ತಮ್ಮ ಪುಸ್ತಕ ಸಂಗ್ರಹಕ್ಕೆಂದೇ ವಿಶಾಲವಾದ 'ರಾಜಗೃಹ' ಕಟ್ಟಿಸಿದರು. ಕಛ್ ಪ್ರದೇಶದ ಗುಜರಾತಿ ವ್ಯಾಪಾರಿಗಳು, ಜೈನರು ಮಾಟುಂಗಾದಲ್ಲೇ ನೆಲೆಸಿದರು. ನಟ ಪೃಥ್ವಿರಾಜ್ ಕಪೂರ್, ಗಾಯಕ ಕೆ.ಎಲ್. ಸೈಗಲ್ ಕೂಡ ಇಲ್ಲಿನ ನಿವಾಸಿಗಳಾಗಿದ್ದರು.

ಶಿಕ್ಷಣ ಸಂಸ್ಥೆಗಳೂ ಬಂದವು. 1887ರಲ್ಲಿ ಸ್ಥಾಪನೆಯಾಗಿದ್ದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ (ಇಂದಿನ ವೀರಮಾತಾ ಜೀಜಾಬಾಯಿ ಸಂಸ್ಥೆ) 1923ರಲ್ಲಿ ಮಾಟುಂಗಾಕ್ಕೆ ಸ್ಥಳಾಂತರವಾಯಿತು. 1933ರಲ್ಲಿ ಶುರುವಾದ ಮುಂಬೈ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗವೂ ಮುಂದೆ ಇಲ್ಲೇ ನೆಲೆ ಕಂಡುಕೊಂಡಿತು. 1937ರಲ್ಲಿ ರುಯಾ ಮತ್ತು ಖಾಲ್ಸಾ ಕಾಲೇಜು, 1941ರಲ್ಲಿ ಪೋದಾರ್ ಕಾಲೇಜು ಆರಂಭವಾದವು. ಓದುವ ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ವಿಳಾಸ ಸಿಗುವುದು ಕಷ್ಟವಿತ್ತು.

ದಕ್ಷಿಣದವರು ಬಂದದ್ದು ಏಕೆ?

20ನೇ ಶತಮಾನದ ಮೊದಲ ದಶಕಗಳಲ್ಲಿ ಮುಂಬೈನ ಬ್ಯಾಂಕು, ವಿಮಾ ಕಂಪನಿ, ರೈಲ್ವೆ, ಸರ್ಕಾರಿ ಕಚೇರಿಗಳಿಗೆ ಇಂಗ್ಲಿಷ್ ಬಲ್ಲ ಗುಮಾಸ್ತರು, ಟೈಪಿಸ್ಟ್‌ಗಳು, ಸ್ಟೆನೋಗ್ರಾಫರ್‌ಗಳು ಬೇಕಿದ್ದರು. ಮದ್ರಾಸ್ ಪ್ರಾಂತ್ಯ, ಪಾಲಕ್ಕಾಡ್, ಮೈಸೂರು ಸಂಸ್ಥಾನಗಳಿಂದ ಓದಿದ ಯುವಕರು ಬಂದಿಳಿದರು. ಅವರಿಗೆ ಗಿರಣಿ ಪ್ರದೇಶದ ಚಾಳ್ ಬೇಡ, ಮಲಬಾರ್ ಹಿಲ್‌ನ ಬಂಗಲೆ ಎಟುಕದು. ಮಾಟುಂಗಾದ ಹೊಸ ಫ್ಲ್ಯಾಟ್‌ಗಳು ಇವೆರಡರ ನಡುವೆ ಸರಿಯಾಗಿ ಹೊಂದಿದವು.

ಚಾಳ್ ಎಂದರೆ ಉದ್ದನೆಯ ಪಡಸಾಲೆಯ ಪಕ್ಕ ಸಾಲು ಕೋಣೆಗಳು, ತುದಿಯಲ್ಲಿ ಎಲ್ಲರಿಗೂ ಒಂದೇ ನಲ್ಲಿ, ಒಂದೇ ಪಾಯಿಖಾನೆ. ಫ್ಲ್ಯಾಟ್ ಎಂದರೆ ಬಾಗಿಲು ಹಾಕಿಕೊಂಡರೆ ಒಳಗೇ ಅಡುಗೆಮನೆ, ನೀರು, ಶೌಚಾಲಯ. ಇಂದು ಇದು ಸಾಮಾನ್ಯ ಸಂಗತಿ. ಅಂದು ಮಡಿ ಮೈಲಿಗೆಯ ಲೆಕ್ಕಾಚಾರವಿದ್ದ ಮನೆಗಳಿಗೆ ಶೌಚಾಲಯ ಮನೆಯೊಳಗೇ ಇರುವುದೇ ದೊಡ್ಡ ಪ್ರಶ್ನೆಯಾಗಿತ್ತು. ಮಾಟುಂಗಾದ ಬೆಳವಣಿಗೆಯನ್ನು ಆಳವಾಗಿ ಅಧ್ಯಯನ ಮಾಡಿದ ಇತಿಹಾಸಕಾರ ನಿಖಿಲ್ ರಾವ್ ಅವರ 'ಹೌಸ್, ಬಟ್ ನೋ ಗಾರ್ಡನ್' (2013) ಎಂಬ ಪುಸ್ತಕ, ಭಾರತದ ಮಧ್ಯಮ ವರ್ಗ ಅಪಾರ್ಟ್‌ಮೆಂಟ್ ಬದುಕಿಗೆ ಒಗ್ಗಿಕೊಂಡ ಬಗೆಯನ್ನು ಈ ಬಡಾವಣೆಯ ಮೂಲಕವೇ ವಿವರಿಸುತ್ತದೆ. ಊರಿನಲ್ಲಿ ಅಯ್ಯರ್, ಅಯ್ಯಂಗಾರ್, ರಾವ್ ಎಂದು ಬೇರೆಬೇರೆಯಾಗಿದ್ದವರು ಇಲ್ಲಿ ಅಕ್ಕಪಕ್ಕದ ಮನೆಯವರಾಗಿ 'ಸೌತ್ ಇಂಡಿಯನ್' ಎಂಬ ಹೊಸ ಗುರುತು ಪಡೆದದ್ದೂ ಆ ಕಥೆಯ ಭಾಗ. ಉತ್ತರದವರ ಬಾಯಲ್ಲಿ ಮಾತ್ರ ಎಲ್ಲರೂ 'ಮದ್ರಾಸಿ'ಗಳೇ ಆಗಿದ್ದರು.

ಮನೆಯ ಬೆನ್ನಿಗೇ ದೇವಸ್ಥಾನ, ಭಜನಾ ಮಂದಿರ, ಶಾಲೆ ಬಂದವು. ಆಸ್ತಿಕ ಸಮಾಜ, ಸೌತ್ ಇಂಡಿಯನ್ ಭಜನ ಸಮಾಜಗಳು 1920ರ ದಶಕದವು. 1932ರಲ್ಲಿ ಎಂ.ವಿ. ವೆಂಕಟೇಶ್ವರನ್ ಅವರು ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿ ಆರಂಭಿಸಿದರು. ಇಂದು 'ಎಸ್‌ಐಇಎಸ್' ಎಂದು ಹೆಸರಾದ ಶಾಲಾ ಕಾಲೇಜುಗಳ ಸಮೂಹ ಬೆಳೆದದ್ದು ಆ ಬೀಜದಿಂದ.

ಏಕೀಕರಣಕ್ಕೂ ಮುಂಚಿನ ಒಂದು ಕರ್ನಾಟಕ

ಮಾಟುಂಗಾಕ್ಕೆ ಬಂದ ಕನ್ನಡಿಗರು ಒಂದೇ ಊರಿನವರಲ್ಲ, ಒಂದೇ ರಾಜ್ಯದವರೂ ಅಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಬೆಂಗಳೂರು, ಮೈಸೂರಿನವರು ಮೈಸೂರು ರಾಜ್ಯದವರು. ಮಂಗಳೂರು, ಉಡುಪಿ ಕಡೆಯವರು ಮದ್ರಾಸಿಗೆ ಸೇರಿದವರು. ಕಲಬುರಗಿ, ರಾಯಚೂರಿನವರು ಹೈದರಾಬಾದಿನವರು. ಬೆಳಗಾವಿ, ಧಾರವಾಡ, ವಿಜಯಪುರ ಮತ್ತು ಉತ್ತರ ಕನ್ನಡದವರಿಗೆ ಮಾತ್ರ ಮುಂಬೈ ಪರ ಊರಲ್ಲ, ಅದೇ ರಾಜಧಾನಿ. ಧಾರವಾಡದ ವಿದ್ಯಾರ್ಥಿಗೆ ಪದವಿ ಕೊಡುತ್ತಿದ್ದದ್ದು ಮುಂಬೈ ವಿಶ್ವವಿದ್ಯಾಲಯ. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮೊದಲು ಶುರುವಾದದ್ದು ಮುಂಬೈಯಲ್ಲೇ. ಅದು ಧಾರವಾಡಕ್ಕೆ ಹೋದದ್ದು ಮರುವರ್ಷ.

ಹೀಗೆ ನಾಲ್ಕು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ನೆರೆಹೊರೆಯವರಾಗಿ ಬದುಕಿದ್ದು ಇಂಥ ಬಡಾವಣೆಗಳಲ್ಲಿ. ಮೈಸೂರಿನವರ ಕನ್ನಡ, ಧಾರವಾಡದವರ ಕನ್ನಡ, ಕುಂದಾಪುರದವರ ಕನ್ನಡ ಒಂದೇ ಮೆಟ್ಟಿಲಿನಲ್ಲಿ ಎದುರಾದವು. ತುಳು, ಕೊಂಕಣಿ ಮನೆಮಾತಿನವರೂ ಓದು ಬರಹಕ್ಕೆ ಕನ್ನಡವನ್ನೇ ಹಿಡಿದವರು. ನಕ್ಷೆಯ ಮೇಲೆ ಇನ್ನೂ ಇಲ್ಲದ ಒಂದು ನಾಡು ಇಲ್ಲಿ ಸಂಜೆಯ ಸಭೆಗಳಲ್ಲಿ ಸೇರುತ್ತಿತ್ತು.

ಆ ಸಭೆಗಳಿಗೆ ಸೂರು ಕೊಟ್ಟದ್ದರಲ್ಲಿ ಎರಡು ಸಂಸ್ಥೆಗಳ ಹೆಸರು ಮುಖ್ಯ. ಒಂದು, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್. ಮಾಟುಂಗಾ ಪೂರ್ವದ ಭಾವುದಾಜಿ ರಸ್ತೆಯಲ್ಲಿ ಅದರ ಸಭಾಂಗಣವಿದೆ. ಕನ್ನಡ ನಾಟಕ, ಸಂಗೀತ, ದತ್ತಿ ಉಪನ್ಯಾಸಗಳು ಇಲ್ಲಿ ನಡೆಯುತ್ತವೆ. 'ನೇಸರು' ಎಂಬ ಮಾಸಪತ್ರಿಕೆಯೂ ಇದರದೇ. ಇನ್ನೊಂದು, 1930ರ ದಶಕದಲ್ಲಿ ಆರಂಭವಾದ ಕರ್ನಾಟಕ ಸಂಘ. ರೈಲು ಹಳಿಯ ಪಶ್ಚಿಮಕ್ಕೆ, ಮಾಹಿಮ್ ಬದಿಯ ಮೊಗಲ್ ಲೇನ್‌ನಲ್ಲಿ ಸಂಘ ಕಟ್ಟಿದ ಸಭಾಂಗಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿಡಲಾಯಿತು. ಮೈಸೂರಿನ ದಿವಾನರಾಗುವ ಮೊದಲು ವಿಶ್ವೇಶ್ವರಯ್ಯ ದುಡಿದದ್ದು ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಎಂಬುದನ್ನು ನೆನೆದರೆ ಆ ಹೆಸರು ಇನ್ನಷ್ಟು ಹೊಂದುತ್ತದೆ.

ಇಲ್ಲೊಂದು ಗಮನಿಸಬೇಕಾದ ಅಂಶವಿದೆ. ಮೈಸೂರು ರಾಜ್ಯಕ್ಕೆ 'ಕರ್ನಾಟಕ' ಎಂದು ಮರುನಾಮಕರಣವಾದದ್ದು 1973ರ ನವೆಂಬರ್ 1ರಂದು. ಮುಂಬೈನ ಸಂಘ ಆ ಹೆಸರನ್ನು ಸುಮಾರು ನಾಲ್ಕು ದಶಕ ಮೊದಲೇ ಬೋರ್ಡಿನ ಮೇಲೆ ಬರೆದುಕೊಂಡಿತ್ತು.

ಉಡುಪಿ ಹೋಟೆಲು: ಬರೀ ಇಡ್ಲಿ ಸಾಂಬಾರ್ ಅಲ್ಲ

ಗುಮಾಸ್ತರಾಗಿ ಬಂದವರು ಒಂದು ಬಗೆಯಾದರೆ, ಬರಿಗೈಯಲ್ಲಿ ಬಂದ ಕರಾವಳಿಯ ಹುಡುಗರು ಇನ್ನೊಂದು ಬಗೆ. ಕೊಂಕಣ ರೈಲ್ವೆ ಪೂರ್ಣವಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಎಷ್ಟೋ ಮೊದಲು, ಮಂಗಳೂರು, ಮಲ್ಪೆ, ಕುಂದಾಪುರದ ಕಡೆಯಿಂದ ಹಡಗು ಹತ್ತಿ, ಆಮೇಲಿನ ಕಾಲಕ್ಕೆ ಬಸ್ಸು ಹಿಡಿದು ಬಂದವರು ಅವರು. ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸದಿಂದ ಶುರು. ಅಲ್ಲಿಂದ ಮಾಣಿ, ಮಾಣಿಯಿಂದ ಅಡುಗೆ ಭಟ್ಟರು ಅಥವಾ ಗಲ್ಲಾಪೆಟ್ಟಿಗೆ. ಅದೃಷ್ಟವಿದ್ದರೆ ಸ್ವಂತ ಹೋಟೆಲು.

ಮಾಟುಂಗಾದ ಹೋಟೆಲುಗಳ ಇತಿಹಾಸದಲ್ಲಿ ಮೊದಲು ಬರುವ ಹೆಸರು ಎ. ರಾಮ ನಾಯಕ್ ಅವರದು. ಬಾಲಕನಾಗಿ ಮುಂಬೈಗೆ ಬಂದು ಪಾತ್ರೆ ತೊಳೆದವರು ಅವರು. 1936ರಿಂದ ನಡೆಯುತ್ತಿರುವ ಕಿಂಗ್ಸ್ ಸರ್ಕಲ್‌ನ ಕೆಫೆ ಮೈಸೂರು ಮತ್ತು 1942ರಲ್ಲಿ ರೈಲು ನಿಲ್ದಾಣದ ಪಕ್ಕದಲ್ಲಿ ಶುರುವಾದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಎರಡರ ಹಿಂದೆಯೂ ಅವರ ಹೆಸರಿದೆ. ರಾಮ್ ಆಶ್ರಯ (1939), ಕೆಫೆ ಮದ್ರಾಸ್ (1940) ಕೂಡ ಅದೇ ಕಾಲದವು. ಎಂಟು ದಶಕ ದಾಟಿದರೂ ಭಾನುವಾರ ಬೆಳಗ್ಗೆ ಈ ಹೋಟೆಲುಗಳ ಮುಂದೆ ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾಯುವವರ ಗುಂಪು ಕರಗಿಲ್ಲ.

'ಬೋರ್ಡಿಂಗ್' ಎಂಬ ಪದಕ್ಕೆ ಇಲ್ಲಿ ತೂಕವಿದೆ. ಮನೆಯವರನ್ನು ಊರಲ್ಲಿ ಬಿಟ್ಟು ಬಂದ, ಇಲ್ಲವೇ ಇನ್ನೂ ಮದುವೆಯಾಗದ ನೌಕರರಿಗೆ ಎರಡು ಹೊತ್ತಿನ ಅನ್ನ ಸಾರು ಸಿಗುತ್ತಿದ್ದದ್ದು ಇಲ್ಲಿ. ಬಾಳೆ ಎಲೆಯ ಮುಂದೆ ಬ್ಯಾಂಕಿನ ಗುಮಾಸ್ತ, ಕಾಲೇಜು ವಿದ್ಯಾರ್ಥಿ, ಕೆಲಸ ಹುಡುಕಿ ಬಂದ ಹುಡುಗ ಒಂದೇ ಪಂಕ್ತಿಯಲ್ಲಿ ಕೂತರು. ಯಾವ ಕಂಪನಿಯಲ್ಲಿ ಕೆಲಸ ಖಾಲಿ ಇದೆ, ಯಾರ ಮನೆಯಲ್ಲಿ ಕೋಣೆ ಬಾಡಿಗೆಗಿದೆ, ಊರಿಗೆ ಯಾರು ಹೊರಟಿದ್ದಾರೆ ಎಂಬ ಸುದ್ದಿಯೆಲ್ಲ ಊಟದ ಜೊತೆಗೆ ಬಡಿಸಲ್ಪಡುತ್ತಿತ್ತು.

ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋದರು. ಮುಂಬೈನ ಕನ್ನಡ ಸಂಸ್ಥೆಗಳ ಅತಿ ದೊಡ್ಡ ಸಾಧನೆ ಯಾವುದು ಎಂದು ಕೇಳಿದರೆ ಹಳಬರು ಬೊಟ್ಟು ಮಾಡುವುದು ಈ ರಾತ್ರಿ ಶಾಲೆಗಳತ್ತ. ಮೊಗವೀರರು, ಬಿಲ್ಲವರು ಮೊದಲಾದ ಸಮುದಾಯಗಳ ಸಂಘಗಳು ನಗರದ ಬೇರೆಬೇರೆ ಕಡೆ ಇವನ್ನು ನಡೆಸಿದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಳೆಯದು. ಮಾಟುಂಗಾದ ಪಕ್ಕದ ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ತಲೆಮಾರುಗಳಿಗೆ ಕನ್ನಡ ಕಲಿಸಿತು.

ಐದು ದಿನದ ಗಣಪತಿ, ನೂರಾರು ಕೋಟಿಯ ವಿಮೆ

ಮಾಟುಂಗಾದ ಹೆಸರು ಪ್ರತಿವರ್ಷ ರಾಷ್ಟ್ರೀಯ ಸುದ್ದಿಯಾಗುವುದು ಭಾದ್ರಪದದಲ್ಲಿ. ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಸೇವಾ ಮಂಡಲದ ಸಾರ್ವಜನಿಕ ಗಣೇಶೋತ್ಸವ 1955ರಲ್ಲಿ ಆರಂಭವಾಯಿತು. ಗೌಡ ಸಾರಸ್ವತ ಬ್ರಾಹ್ಮಣ ಸಮುದಾಯದ ಈ ಉತ್ಸವದಲ್ಲಿ ಉಡುಪಿ, ಮಂಗಳೂರು, ಉತ್ತರ ಕನ್ನಡ ಮೂಲದ ಕುಟುಂಬಗಳು ಹೆಚ್ಚು. ಮಣ್ಣಿನ ಮೂರ್ತಿ, ಐದು ದಿನ ಬಿಡುವಿಲ್ಲದ ಪೂಜೆ, ತುಲಾಭಾರ, ಅನ್ನಸಂತರ್ಪಣೆ ಇದರ ವಿಶೇಷ.

2023ರಲ್ಲಿ ಮೂರ್ತಿಗೆ 66 ಕೆ.ಜಿ. ಚಿನ್ನ, 295 ಕೆ.ಜಿ. ಬೆಳ್ಳಿಯ ಆಭರಣಗಳ ಅಲಂಕಾರವಾಗಿತ್ತು. ಉತ್ಸವಕ್ಕೆ ಮಾಡಿಸಿದ ವಿಮೆಯ ಮೊತ್ತ 2023ರಲ್ಲಿ 360.45 ಕೋಟಿ, 2024ರಲ್ಲಿ 400.58 ಕೋಟಿ, 2025ರಲ್ಲಿ 474.46 ಕೋಟಿ ರೂಪಾಯಿ. ಚಿನ್ನದ ಸುದ್ದಿಯೇ ದೊಡ್ಡದಾದರೂ, ಉತ್ಸವ ನಿಂತಿರುವುದು ಕಚೇರಿಗೆ ರಜೆ ಹಾಕಿ ಬಂದು ತರಕಾರಿ ಹೆಚ್ಚುವ, ಎಲೆ ಹಾಕುವ, ಸರದಿ ಸಾಲು ನೋಡಿಕೊಳ್ಳುವ ಸ್ವಯಂಸೇವಕರ ಮೇಲೆ.

ಸಂಗೀತಪ್ರಿಯರಿಗೆ ಈ ಭಾಗದ ಇನ್ನೊಂದು ಗುರುತು ಷಣ್ಮುಖಾನಂದ ಸಭಾಂಗಣ. ಷಣ್ಮುಖಾನಂದ ಸಂಗೀತ ಸಭೆ ಹುಟ್ಟಿದ್ದು 1952ರಲ್ಲಿ, ಸಭಾಂಗಣ ತೆರೆದದ್ದು 1963ರಲ್ಲಿ. 1990ರಲ್ಲಿ ಬೆಂಕಿಗೆ ಆಹುತಿಯಾಗಿ 1998ರಲ್ಲಿ ಮತ್ತೆ ತೆರೆಯಿತು. 2,700ಕ್ಕೂ ಹೆಚ್ಚು ಆಸನಗಳಿರುವ ಈ ಸಭಾಂಗಣ ನಗರದ ಅತಿ ದೊಡ್ಡ ಸಭಾಂಗಣಗಳಲ್ಲೊಂದು.

ಕಹಿ ದಿನಗಳೂ ಇದ್ದವು

ಈ ಬದುಕು ಯಾವಾಗಲೂ ನೆಮ್ಮದಿಯದಾಗಿರಲಿಲ್ಲ. 1966ರ ಜೂನ್‌ನಲ್ಲಿ ಶಿವಸೇನೆ ಸ್ಥಾಪನೆಯಾದಾಗ ಅದರ ಮೊದಲ ಗುರಿ ದಕ್ಷಿಣ ಭಾರತೀಯರೇ. ಕಚೇರಿ ಕೆಲಸಗಳೆಲ್ಲ ಅವರ ಪಾಲಾಗುತ್ತಿವೆ ಎಂಬುದು ಆಕ್ಷೇಪ. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ದಿನಗಳನ್ನು ಆ ತಲೆಮಾರು ಮರೆತಿಲ್ಲ. ಬೆಳಗಾವಿ ಗಡಿ ವಿವಾದ ಭುಗಿಲೆದ್ದಾಗಲೆಲ್ಲ ಮುಂಬೈ ಕನ್ನಡಿಗರ ಎದೆಯಲ್ಲಿ ಸಣ್ಣ ಅಳುಕು ಮೂಡುತ್ತದೆ.

ಆದರೆ ಹೋಟೆಲುಗಳು ಬಾಗಿಲು ಹಾಕಿ ಊರಿಗೆ ಮರಳಲಿಲ್ಲ. ಅವರ ಮಕ್ಕಳು ಮರಾಠಿಯನ್ನು ಬೀದಿಯಲ್ಲೇ ಕಲಿತು ಬೆಳೆದರು. ಇಂದು ಮಾಟುಂಗಾದ ಹೋಟೆಲುಗಳಲ್ಲಿ ದೋಸೆಗೆ ಕಾಯುವ ಸಾಲಿನಲ್ಲಿ ಮರಾಠಿ, ಗುಜರಾತಿ ಮನೆಯವರೇ ಹೆಚ್ಚು ಕಾಣಸಿಗುತ್ತಾರೆ.

ಕಥೆಗಾರರ ಮುಂಬೈ

ಈ ನಗರ ಕನ್ನಡ ಸಾಹಿತ್ಯಕ್ಕೂ ಸಾಕಷ್ಟು ಕೊಟ್ಟಿದೆ. ಯಶವಂತ ಚಿತ್ತಾಲರು ಬಾಂದ್ರಾದಲ್ಲಿ ಕೂತು 'ಶಿಕಾರಿ' ಬರೆದರು. ವ್ಯಾಸರಾಯ ಬಲ್ಲಾಳರು ಇಲ್ಲೇ ಬಾಳಿ ಬರೆದರು. ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳ ಇಂಗ್ಲಿಷ್ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್' 2018ರ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಪಡೆಯಿತು. ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಿಂದ ಕೆಲಸ ಮಾಡುತ್ತಿದೆ. ಈ ಲೇಖಕರ, ಓದುಗರ, ವಿದ್ಯಾರ್ಥಿಗಳ ಭೇಟಿಗೆ ಜಾಗ ಬೇಕಾದಾಗ ಮಾಟುಂಗಾ ಮತ್ತು ಮಾಹಿಮ್‌ನ ಸಭಾಂಗಣಗಳು ಒದಗಿಬಂದವು.

ಹಳೆ ಕಟ್ಟಡ, ಹೊಸ ಲೆಕ್ಕ

ಇಂದು ಮಾಟುಂಗಾದ ಎದುರಿಗಿರುವ ದೊಡ್ಡ ಪ್ರಶ್ನೆ ಪುನರಾಭಿವೃದ್ಧಿ. ಇದು ಅರ್ಥವಾಗಬೇಕಾದರೆ ಬಾಡಿಗೆ ಕಾನೂನಿನ ಕಥೆ ತಿಳಿಯಬೇಕು. 1947ರ ಮುಂಬೈ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್‌ನ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರರಿಗೆ ಅದು ವರವಾಯಿತು. ಮಾಲೀಕರಿಗೆ ಮಾತ್ರ ಸುಣ್ಣ ಬಣ್ಣಕ್ಕೂ ಸಾಲದ ಆದಾಯ. ರಿಪೇರಿ ನಿಂತಿತು, ತೊಲೆಗಳು ಜಗ್ಗಿದವು, ಬಾಲ್ಕನಿಗಳು ಬಿರುಕು ಬಿಟ್ಟವು. ಮನೆ ಕೈ ಬದಲಾಯಿಸುವಾಗ ದೊಡ್ಡ ಮೊತ್ತ ಕೊಡುವ 'ಪಗಡಿ' ಪದ್ಧತಿ ಬೇರೂರಿತು.

ನಗರದ ಇಂಥ ಹಳೆ ಕಟ್ಟಡಗಳಿಂದ ಸರ್ಕಾರ ರಿಪೇರಿಗಾಗಿ 'ಸೆಸ್' ವಸೂಲು ಮಾಡುತ್ತದೆ. 1969ರ ಸೆಪ್ಟೆಂಬರ್ 30ಕ್ಕೆ ಮೊದಲು ಕಟ್ಟಿದ ಸೆಸ್ ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟಲು ಅಭಿವೃದ್ಧಿ ನಿಯಮಾವಳಿಯ 33(7)ನೇ ನಿಯಮ ಅವಕಾಶ ಕೊಡುತ್ತದೆ. ಲೆಕ್ಕ ಸರಳ. ಹಳೆ ಬಾಡಿಗೆದಾರರಿಗೆ ಹೊಸ ಕಟ್ಟಡದಲ್ಲಿ ಉಚಿತ ಮನೆ, ಅದು ಕನಿಷ್ಠ 300 ಚದರ ಅಡಿ ಇರಬೇಕು. ಬಿಲ್ಡರ್‌ಗೆ ಹೆಚ್ಚುವರಿ ಅಂತಸ್ತುಗಳನ್ನು ಕಟ್ಟಿ ಮಾರುವ ಹಕ್ಕು.

ಸೋರುವ ಮನೆಯಲ್ಲಿ, ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ಇರುವ ವೃದ್ಧರಿಗೆ ಇದು ನಿಜವಾದ ಬಿಡುಗಡೆ. ಅದನ್ನು ಹಳೆಯ ಚೆಂದದ ಹೆಸರಿನಲ್ಲಿ ಬೇಡ ಎನ್ನುವುದು ಸುಲಭವಲ್ಲ. ಆದರೆ ಮೂರ್ನಾಲ್ಕು ಅಂತಸ್ತಿಗೆಂದು ಹಾಕಿದ ರಸ್ತೆ, ಚರಂಡಿಗಳ ಮೇಲೆ ಗೋಪುರಗಳು ಏಳುತ್ತಿವೆ. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್ ಮತ್ತು ಪಕ್ಕದ ಗಾಂಧಿ ಮಾರ್ಕೆಟ್ ಮೊಣಕಾಲು ನೀರಲ್ಲಿ ನಿಲ್ಲುವ ಚಿತ್ರ ಎಲ್ಲರಿಗೂ ಪರಿಚಿತ. ಒಂದು ಕಾಲದ ಗದ್ದೆ, ಜೌಗು ನೆಲ ತನ್ನ ತಗ್ಗನ್ನು ಮರೆತಿಲ್ಲ. ಸಮುದ್ರದಲ್ಲಿ ಭರತವಿದ್ದಾಗ ಜೋರು ಮಳೆ ಬಂದರೆ ನೀರು ಹೋಗಲು ದಾರಿ ಇರುವುದಿಲ್ಲ.

ಜನರೂ ಬದಲಾಗುತ್ತಿದ್ದಾರೆ. ಮಕ್ಕಳ ಮದುವೆಗೆ, ದೊಡ್ಡ ಮನೆಗೆ, ಊರಲ್ಲಿ ಒಂದಿಷ್ಟು ನೆಲಕ್ಕೆ ದುಡ್ಡು ಬೇಕಾದಾಗ ಹಳೆಯ ಕುಟುಂಬಗಳು ಮಾಟುಂಗಾದ ಹಕ್ಕು ಮಾರಿ ದೂರದ ಉಪನಗರಗಳಿಗೆ ಹೋದವು. ಮನೆಯಲ್ಲಿ ಕನ್ನಡವೋ ತುಳುವೋ ಇದ್ದರೂ ಮಕ್ಕಳ ಶಾಲೆ ಇಂಗ್ಲಿಷ್ ಮಾಧ್ಯಮದ್ದು. ಮುಂಬೈ ಪಾಲಿಕೆ ಇಂದಿಗೂ ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಆದರೆ ಆ ತರಗತಿಗಳಿಗೆ ಮಕ್ಕಳನ್ನು ಕಳಿಸುವ ಮನೆಗಳು ತಲೆಮಾರಿನಿಂದ ತಲೆಮಾರಿಗೆ ವಿರಳವಾಗುತ್ತಿವೆ.

ತಲುಪುವುದು ಹೇಗೆ?

ಮಾಟುಂಗಾ ಇಂದು ಉಪನಗರವಲ್ಲ. ಆಡಳಿತದ ಲೆಕ್ಕದಲ್ಲಿ ಅದು ಮುಂಬೈ ನಗರ ಜಿಲ್ಲೆಗೆ, ಪಾಲಿಕೆಯ ಎಫ್ ಉತ್ತರ ವಾರ್ಡಿಗೆ ಸೇರಿದೆ. ಮೂರು ರೈಲು ಮಾರ್ಗಗಳಿಂದಲೂ ತಲುಪಬಹುದು. ಸೆಂಟ್ರಲ್ ಮಾರ್ಗದಲ್ಲಿ ಮಾಟುಂಗಾ, ವೆಸ್ಟರ್ನ್ ಮಾರ್ಗದಲ್ಲಿ ಮಾಟುಂಗಾ ರೋಡ್, ಹಾರ್ಬರ್ ಮಾರ್ಗದಲ್ಲಿ ಕಿಂಗ್ಸ್ ಸರ್ಕಲ್ ನಿಲ್ದಾಣಗಳಿವೆ. ಹೂವಿನ ಮಾರುಕಟ್ಟೆ, ಹಳೆ ಹೋಟೆಲುಗಳಿಗೆ ಹೋಗುವವರು ಸೆಂಟ್ರಲ್ ಮಾರ್ಗದ ಮಾಟುಂಗಾದಲ್ಲಿ ಇಳಿದು ಪೂರ್ವಕ್ಕೆ ಬರಬೇಕು. 2017ರಲ್ಲಿ ಸಂಪೂರ್ಣ ಮಹಿಳಾ ಸಿಬ್ಬಂದಿಯನ್ನು ನೇಮಿಸಿ ದೇಶದ ಗಮನ ಸೆಳೆದದ್ದು ಇದೇ ನಿಲ್ದಾಣ. ಕಿಂಗ್ಸ್ ಸರ್ಕಲ್ ನಿಲ್ದಾಣಕ್ಕೆ ತೀರ್ಥಂಕರ ಪಾರ್ಶ್ವನಾಥ ಎಂದು ಹೆಸರಿಡುವ ಪ್ರಸ್ತಾವಕ್ಕೆ 2024ರಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಒಪ್ಪಿಗೆ ನೀಡಿದೆ.

ಉಳಿಯುವುದು ಯಾವುದು?

ಪ್ಲೇಗ್‌ಗೆ ಹೆದರಿದ ಸರ್ಕಾರ ಇಲ್ಲಿ ರಸ್ತೆ ಮತ್ತು ನಿವೇಶನ ಮಾಡಿಕೊಟ್ಟಿತು. ಅದನ್ನು ಊರು ಮಾಡಿದವರು ಬಂದು ನೆಲೆಸಿದ ಜನ. ಅವರು ಮನೆ ಬಾಡಿಗೆಗೆ ಹಿಡಿದು ಸುಮ್ಮನಾಗಲಿಲ್ಲ. ಊಟಕ್ಕೊಂದು ಬೋರ್ಡಿಂಗ್, ಓದಿಗೊಂದು ಶಾಲೆ, ಪೂಜೆಗೊಂದು ಮಂದಿರ, ಮಾತಿಗೊಂದು ಸಭಾಂಗಣ ಕಟ್ಟಿಕೊಂಡರು. ಮನೆ ಬಿಟ್ಟು ಡೊಂಬಿವಲಿಗೋ ನವಿ ಮುಂಬೈಗೋ ಹೋದವರು ಇಂದಿಗೂ ಲೋಕಲ್ ರೈಲು ಹತ್ತಿ ಮರಳಿ ಬರುತ್ತಿರುವುದು ಇವುಗಳಿಗಾಗಿಯೇ ಹೊರತು ತಾವಿದ್ದ ಕಟ್ಟಡಕ್ಕಾಗಿ ಅಲ್ಲ.

ಹಾಗಾಗಿ ಮಾಟುಂಗಾದ ಕನ್ನಡದ ಭವಿಷ್ಯ ಯಾವ ಕಟ್ಟಡ ಎಷ್ಟು ಅಂತಸ್ತು ಏರಿತು ಎಂಬುದಕ್ಕಿಂತ, ಸಭಾಂಗಣದ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ ಎಂಬುದರ ಮೇಲೆ ನಿಂತಿದೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್‌ಗೆ 2026ಕ್ಕೆ ನೂರು ವರ್ಷ. ಸ್ಥಾಪಕರ ಮೊಮ್ಮಕ್ಕಳು, ಮರಿಮಕ್ಕಳ ಕಾಲ ಇದು. ಅವರಲ್ಲಿ ಕನ್ನಡ ಓದಲು ಬಾರದವರೂ ನಾಟಕ ನೋಡಿ ನಗಬಲ್ಲರು, ಬಾಳೆ ಎಲೆಯ ತುದಿ ಯಾವ ಕಡೆಗಿರಬೇಕು ಎಂದು ಹೇಳಬಲ್ಲರು. ಅಷ್ಟು ಉಳಿದಿರುವಾಗ ಅಕ್ಷರವನ್ನೂ ಕಲಿಸುವುದು ಕಷ್ಟದ ಕೆಲಸವೇನಲ್ಲ. ಹಗಲೆಲ್ಲ ಲೋಟ ತೊಳೆದು ರಾತ್ರಿ ಶಾಲೆಗೆ ಹೋದ ಹುಡುಗರು ಇದಕ್ಕಿಂತ ಕಷ್ಟದ್ದನ್ನು ಇದೇ ನಗರದಲ್ಲಿ ಮಾಡಿ ತೋರಿಸಿದ್ದಾರೆ.